ಹದಿನಾಲ್ಕನೆಯ ಪ್ರಶ್ನೆ

ಶಾಗ್ಯ, ಹನೂರು ತಾಲ್ಲೂಕು
3 ಮಾರ್ಚ್ 2025

ಪಥಿಕಮಿತ್ರ ವಿಮಾ ಕಂಪನಿಯ ಬೆಂಗಳೂರು ಕಚೇರಿಯವರಿಗೆ,

ಮಾನ್ಯರೇ, ನಾನು ಪುಟ್ಟಸಿದ್ದಯ್ಯ, ವಯಸ್ಸು ಅರವತ್ತಾರು. ಮೂವತ್ತೆಂಟು ವರ್ಷ ಹನೂರು ಸುತ್ತಿನ ಹಳ್ಳಿಯೊಂದರಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗಿದ್ದು ಹೋದ ವರ್ಷ ನಿವೃತ್ತನಾದೆ. ಈಮೇಲ್ ನನಗೆ ಬರುವುದಿಲ್ಲ ಎಂದಲ್ಲ, ನಂಬಿಕೆ ಇಲ್ಲ. ಆದ್ದರಿಂದ ರಿಜಿಸ್ಟರ್ ಪತ್ರ.

ನನಗೂ ನನ್ನ ಹೆಂಡತಿ ಸೋಮಮ್ಮನಿಗೂ ಮಸ್ಕತ್‌ಗೆ ಹೋಗಿ ಬರಲು ಪ್ರವಾಸ ವಿಮೆ ಬೇಕಾಗಿದೆ. ಅಲ್ಲಿ ನಮ್ಮ ಒಬ್ಬಳೇ ಮಗಳು ಯಶೋದ ಹೊಲಿಗೆ ಅಂಗಡಿಯೊಂದರಲ್ಲಿದ್ದಾಳೆ. ಅಳಿಯನದು ಏಸಿ ರಿಪೇರಿ ಕೆಲಸ. ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಹೋದ ಜನವರಿಯಲ್ಲಿ, ಒಂದು ಹೆಣ್ಣು ಕೂಸು ಹುಟ್ಟಿದೆ. ಮೇ 24ಕ್ಕೆ ಟಿಕೆಟ್ ಆಗಿದೆ. ಇಲ್ಲಿ ಆಸ್ಪತ್ರೆಗೆ ಸೇರುವಂತಾದರೆ ನಮ್ಮ ಕೈಲಾಗುವುದಿಲ್ಲ, ವಿಮೆ ಇಲ್ಲದೆ ವಿಮಾನ ಹತ್ತಬೇಡಿ ಎಂದು ಅಳಿಯ ಖಡಾಖಂಡಿತವಾಗಿ ಹೇಳಿದ್ದಾನೆ.

ಕೊಳ್ಳೇಗಾಲದಲ್ಲಿರುವ ನಿಮ್ಮ ಏಜೆಂಟ್ ಮಹದೇವಪ್ರಸಾದ್ ಅವರು ಕಂಪ್ಯೂಟರಿನಲ್ಲಿ ನಮ್ಮ ಅರ್ಜಿ ತುಂಬಿದರು. ಹದಿನಾಲ್ಕನೆಯ ಪ್ರಶ್ನೆ ಹೀಗಿದೆ: ಲಿವರ್, ಕಿಡ್ನಿ ಅಥವಾ ಹೃದಯದ ಕಾಯಿಲೆ ಈ ಮೊದಲೇ ಇದೆಯೇ? ಅವರು ನಮ್ಮಿಬ್ಬರನ್ನೂ ಕೇಳದೆ ‘ಇಲ್ಲ’ ಒತ್ತಿದರು. ಯಾಕೆಂದು ಕೇಳಿದ್ದಕ್ಕೆ, “ಐತೆ ಅಂದ್ರೆ ಅರ್ಜಿ ಮೇಲಕ್ಕೇ ಓಗಲ್ಲ ಸಾ, ಎಲ್ರೂ ಇಲ್ಲ ಅಂತ್ಲೇ ಆಕ್ಸೋದು” ಎಂದರು. ಸೋಮಮ್ಮ ಪಕ್ಕದಲ್ಲೇ ಕುಳಿತಿದ್ದಳು, ಅಲ್ಲಿ ನಾನು ಬಾಯಿ ಬಿಡುವಂತಿರಲಿಲ್ಲ. ಬಸ್ಸು ಹನೂರು ತಲುಪುವವರೆಗೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಸುಳ್ಳಿನ ಕೆಳಗೆ ನಾನು ಈವರೆಗೆ ರುಜು ಹಾಕಿದವನಲ್ಲ.

ಆದ್ದರಿಂದ ತಿಳಿಸುವುದೇನೆಂದರೆ, ನನಗೆ ಯಾವ ಕಾಯಿಲೆಯೂ ಇಲ್ಲ. ನನ್ನ ಹೆಂಡತಿಗೆ 2019ರಿಂದ ಲಿವರ್ ಕಾಯಿಲೆ ಇದೆ. ನಿಮ್ಮ ದಾಖಲೆಯಲ್ಲಿ ತಿದ್ದಿಕೊಳ್ಳಿ. ಆದರೆ ಒಂದು ಅರಿಕೆ. ಆ ಕಾಯಿಲೆಯ ಹೆಸರಿರುವ ಯಾವ ಕಾಗದವೂ ನನ್ನ ಹೆಂಡತಿಯ ಕೈಗೆ ಬರಕೂಡದು. ಏನಿದ್ದರೂ ನನ್ನ ಹೆಸರಿಗೆ ಬರೆಯಿರಿ.

ತಮ್ಮ ವಿಶ್ವಾಸಿ,
ಪುಟ್ಟಸಿದ್ದಯ್ಯ

—

ಬೆಂಗಳೂರು
11 ಮಾರ್ಚ್ 2025

ಶ್ರೀ ಪುಟ್ಟಸಿದ್ದಯ್ಯ ಅವರಿಗೆ,

ತಾವು ಸ್ವಯಂಪ್ರೇರಿತರಾಗಿ ಮಾಹಿತಿ ತಿದ್ದಿದ್ದಕ್ಕೆ ಕಂಪನಿ ಆಭಾರಿಯಾಗಿದೆ. ಈ ಮೊದಲೇ ಇರುವ ಕಾಯಿಲೆಯನ್ನು ಮುಚ್ಚಿಟ್ಟು ಪಡೆದ ಪಾಲಿಸಿ ಬೇಕಾದ ಸಮಯದಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೇಳಿಕೊಂಡರೆ, ಲಿವರ್ ಸಂಬಂಧಿ ಖರ್ಚುಗಳನ್ನು ಪೂರ್ತಿ ಬಿಟ್ಟು, ಅಥವಾ ಪ್ರಾಣಾಪಾಯದ ತುರ್ತು ಚಿಕಿತ್ಸೆಗೆ ಮಾತ್ರ ಒಪ್ಪಿ, ಪಾಲಿಸಿ ಕೊಡಲು ಅವಕಾಶವಿದೆ.

ಇದಕ್ಕೆ 2019ರ ಆಸ್ಪತ್ರೆಯ ಸಾರಾಂಶ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಮತ್ತು ಪ್ರಯಾಣ ಮಾಡಬಹುದೆಂಬ ವೈದ್ಯರ ಪತ್ರ ಬೇಕು. ಮದ್ಯಪಾನದ ಬಗ್ಗೆ ಹದಿನೈದನೆಯ ಪ್ರಶ್ನೆಗೂ ಉತ್ತರಿಸಿ. ಕೊನೆಗೆ, ಕಾಯಿಲೆಯ ಹೆಸರಿರುವ ಘೋಷಣಾ ಪತ್ರವನ್ನು ಶ್ರೀಮತಿ ಸೋಮಮ್ಮ ಅವರೇ ಓದಿ ಸಹಿ ಮಾಡಬೇಕು. ಇದನ್ನು ಬೇರೆಯವರು ಮಾಡುವಂತಿಲ್ಲ.

ಸಿಂಧು
ದಾಖಲೆ ಪರಿಶೀಲನಾಧಿಕಾರಿ

—

ಶಾಗ್ಯ
17 ಮಾರ್ಚ್ 2025

ಸಿಂಧು ಮೇಡಂ ಅವರಿಗೆ,

ನೀವು ಕೇಳಿದ ಆಸ್ಪತ್ರೆ ಸಾರಾಂಶ ಮತ್ತು ಮಾತ್ರೆ ಚೀಟಿಯ ಜೆರಾಕ್ಸ್ ಇಟ್ಟಿದ್ದೇನೆ. ಕೊಳ್ಳೇಗಾಲದ ಡಾಕ್ಟರ್ ವೃಷಭೇಂದ್ರಪ್ಪನವರು ಏಪ್ರಿಲ್‌ನಲ್ಲಿ ಒಮ್ಮೆ ನೋಡಿ ಪ್ರಯಾಣದ ಪತ್ರ ಕೊಡುತ್ತಾರಂತೆ. ಹದಿನೈದನೆಯ ಪ್ರಶ್ನೆಗೆ ಉತ್ತರ: ಕುಡಿಯುವುದಿರಲಿ, ಅವಳು ಆ ವಾಸನೆ ಬಂದರೆ ಬೀದಿಯ ಆ ಮಗ್ಗುಲಿಗೆ ಹೋಗುವವಳು. ಈ ಪ್ರಶ್ನೆ ಓದಿ ನನಗೆ ಮೈ ಉರಿಯಿತು. ನಿಮ್ಮ ತಪ್ಪಲ್ಲ ಬಿಡಿ, ಊರಿನವರೂ ಇದನ್ನೇ ಕೇಳುತ್ತಾರೆಂದೇ ನಾನು ಯಾರಿಗೂ ಹೇಳಿಲ್ಲ. ಅವಳ ಅಣ್ಣ ಕೆಂಚಯ್ಯ ಕುಡಿದು ಕುಡಿದು ಹೊಟ್ಟೆ ಊದಿಯೇ ಸತ್ತ. ನಮ್ಮ ಕಡೆ ಲಿವರ್ ಎಂದರೆ ಕುಡುಕರ ಕಾಯಿಲೆ ಎಂದೇ ಲೆಕ್ಕ.

ಸಹಿಯ ವಿಷಯ. ಫಾರಂ ಅನ್ನು ಮಡಿಚಿ, ಸಹಿಯ ಜಾಗ ಮಾತ್ರ ಕಾಣುವಂತೆ ಇಟ್ಟರೆ ಅವಳು ನಾನು ತೋರಿಸಿದ ಕಡೆ ಹಾಕುತ್ತಾಳೆ. ಮೂವತ್ತೈದು ವರ್ಷದಲ್ಲಿ ಯಾಕೆ ಎಂದು ಕೇಳಿದವಳಲ್ಲ. ಇದು ನಡೆಯುತ್ತದೆಯೇ, ತಿಳಿಸಿ.

ನೀವು ಕಾರಣ ಕೇಳಬಹುದು. 2019ರ ಬೇಸಿಗೆಯಲ್ಲಿ ಅವಳ ಕಣ್ಣು ಹಳದಿಯಾಯಿತು. ಯಳಂದೂರು ಕಡೆಯ ಬೆಟ್ಟದ ಪೋಡಿನಿಂದ, ಅಂದರೆ ಕಾಡಿನ ಹಾಡಿಯಿಂದ, ಬೆಳ್ಳಯ್ಯ ಎಂಬ ಹಿರಿಯರು ಬಂದು ಆಡಿನ ಹಾಲಿನಲ್ಲಿ ಸೊಪ್ಪು ಅರೆದು ಕೊಟ್ಟರು. ನಲವತ್ತು ದಿನ ಉಪ್ಪು, ಎಣ್ಣೆ ಇಲ್ಲದ ಪಥ್ಯ. ಅವರ ಮದ್ದಿಗೆ ಒಂದು ಕಟ್ಟಳೆ ಇದೆ. ವಾಸಿಯಾದ ಮೇಲೆ ಆ ಕಾಯಿಲೆಯ ಹೆಸರನ್ನು ರೋಗಿಯ ಮುಂದೆ ಯಾರೂ ಎತ್ತಬಾರದು, ಎತ್ತಿದರೆ ಕರೆದಂತೆ, ಬರುತ್ತದೆ. ಕಣ್ಣು ತಿಳಿಯಾಯಿತು. ಆಮೇಲೆ ಹೊಟ್ಟೆ ಊದಿದಾಗ ಬೆಳ್ಳಯ್ಯನವರೇ, “ಇದು ನಂದಲ್ಲ ಸಾ, ದೊಡ್ಡಾಸ್ಪತ್ರೆಗೆ ತಕಂಡೋಗಿ” ಎಂದರು. ಮೈಸೂರಿನಲ್ಲಿ ನೀರು ತೆಗೆದು, ಡಾಕ್ಟರು ನನ್ನೊಬ್ಬನನ್ನೇ ಕರೆದು, ಲಿವರ್ ಕುಗ್ಗಿದೆ, ಇನ್ನು ಹಿಗ್ಗುವುದಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಿ ಎಂದರು. ಸೋಮಮ್ಮನಿಗೆ ಹಳೆಯದರ ನೀರು ಉಳಿದಿತ್ತು, ತೆಗೆದರು ಎಂದೆ. ಅವಳು ಇವತ್ತಿಗೂ ವಾಸಿಯಾಗಿದೆ ಎಂದೇ ತಿಳಿದಿದ್ದಾಳೆ. ದಿನಾ ನುಂಗುವ ಮಾತ್ರೆಯನ್ನು ಶಕ್ತಿಯ ಮಾತ್ರೆ ಎಂದಿದ್ದೇನೆ.

ಪುಟ್ಟಸಿದ್ದಯ್ಯ

—

ಬೆಂಗಳೂರು
25 ಮಾರ್ಚ್ 2025

ಶ್ರೀ ಪುಟ್ಟಸಿದ್ದಯ್ಯ ಅವರಿಗೆ,

ದಾಖಲೆಗಳು ತಲುಪಿವೆ. ಮಡಿಚಿದ ಫಾರಂ ಮೇಲಿನ ಸಹಿಯನ್ನು ಕಂಪನಿ ಒಪ್ಪುವುದಿಲ್ಲ. ಕೇಳದೆ ‘ಇಲ್ಲ’ ಎಂದು ತುಂಬಿದ ಏಜೆಂಟರ ಬಗ್ಗೆ ತಾವು ದೂರಿದ್ದೀರಿ. ಓದದವರಿಂದ ಸಹಿ ಹಾಕಿಸುವುದು ಅದಕ್ಕಿಂತ ಹೇಗೆ ಬೇರೆ ಎಂಬುದು ತಿಳಿಯಲಿಲ್ಲ.

ಸಾರಾಂಶದಲ್ಲಿ ರೋಗಿಯ ಆಹಾರದಲ್ಲಿ ಉಪ್ಪು ಕಟ್ಟುನಿಟ್ಟಾಗಿ ಕಡಿಮೆ ಇರಬೇಕೆಂದಿದೆ. ಇಂಥ ಕಾಯಿಲೆ ಇದೆಯೆಂದೇ ಗೊತ್ತಿಲ್ಲದ ರೋಗಿ ಆರು ವರ್ಷ ಈ ಪಥ್ಯ ಹೇಗೆ ಪಾಲಿಸಿದ್ದಾರೆ? ಪಾಲಿಸಿಲ್ಲವೆಂದಾದರೆ ಅಪಾಯದ ಅಂದಾಜು ಬದಲಾಗುತ್ತದೆ. ದಯವಿಟ್ಟು ಸ್ಪಷ್ಟಪಡಿಸಿ.

ಸಿಂಧು

—

ಶಾಗ್ಯ
2 ಏಪ್ರಿಲ್ 2025

ಮೇಡಂ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಎರಡು ದಿನ ಬಿಟ್ಟು ಓದಿದಾಗ ನೀವು ಕೇಳಿದ್ದು ಸರಿ ಎನ್ನಿಸಿತು. ಅದೂ ಸಿಟ್ಟೇ ತರಿಸಿತು.

ಪಥ್ಯದ ವಿಷಯದಲ್ಲಿ ನಿಮಗೆ ಯಾವ ಅನುಮಾನವೂ ಬೇಡ. ಆರು ವರ್ಷದಿಂದ ಅವಳು ಉಪ್ಪಿನ ಹರಳನ್ನು ನಾಲಗೆಗೆ ಸೋಕಿಸಿಲ್ಲ. ಮದುವೆ ಮನೆಯಲ್ಲಿ ಎಲೆಯ ಮೇಲೆ ಬರೀ ಅನ್ನ ಮಜ್ಜಿಗೆ ಹಾಕಿಸಿಕೊಂಡು ಏಳುತ್ತಾಳೆ. ಅಡುಗೆ ಮಾಡಿ ರುಚಿ ನೋಡುವಂತಿಲ್ಲ, ಹಾಗಾಗಿ ಎರಡು ಹೊತ್ತೂ ನನಗೆ ಬಡಿಸಿ, “ಉಪ್ಪು ಸರಿಯಾಗದಾ?” ಎಂದು ಕೇಳುತ್ತಾಳೆ. ಹೆಚ್ಚಾಗಿದ್ದರೂ ಸರಿಯಾಗಿದೆ ಎನ್ನುತ್ತೇನೆ.

ಇದು ಹೇಗಾಯಿತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ, ಮಗಳಿಗೂ. ಬೆಳ್ಳಯ್ಯನ ನಲವತ್ತು ದಿನ ಮುಗಿದಿತ್ತು. ಅವಳು ಉಪ್ಪಿಗೆ ಬಾಯಿಬಿಡುತ್ತಿದ್ದಳು. ಡಾಕ್ಟರು ಪಥ್ಯ ಜೀವಮಾನವಿಡೀ ಎಂದಿದ್ದರು. ಕಾಯಿಲೆ ಇದೆ ಎಂದರೆ ಅವಳು ಅಣ್ಣನ ಹೊಟ್ಟೆ ನೆನೆಸಿಕೊಂಡೇ ಊಟ ಬಿಡುತ್ತಾಳೆ, ಅದೂ ನನಗೆ ಗೊತ್ತಿತ್ತು. ಒಂದು ಸೋಮವಾರ ಬೆಟ್ಟಕ್ಕೆ ಹೋಗಿ ಬರುತ್ತೇನೆಂದು ಹೊರಟೆ. ಹನೂರಿನಲ್ಲಿ ಮಾದಪ್ಪನ ಬೆಟ್ಟದ ಬಸ್ಸು ಒಂದು ಕಡೆ ನಿಂತಿತ್ತು, ಕೊಳ್ಳೇಗಾಲದ ಬಸ್ಸು ಒಂದು ಕಡೆ. ನಾನು ಕೊಳ್ಳೇಗಾಲಕ್ಕೆ ಹತ್ತಿ ಮಾತ್ರೆ ತಂದೆ. ವಾಪಸು ಬರುವಾಗ ಹನೂರಿನ ಅಂಗಡಿಯಲ್ಲಿ ಒಂದು ವಿಭೂತಿ ಗಟ್ಟಿ ಕೊಂಡೆ. ಮನೆಗೆ ಬಂದು ಅವಳ ಹಣೆಗೆ ಹಚ್ಚಿ, ನಿನ್ನ ಹೆಸರಿನಲ್ಲಿ ಹರಕೆ ಹೊತ್ತು ಬಂದಿದ್ದೇನೆ, ಯಶೋದಳ ಹೊಟ್ಟೆಯಲ್ಲಿ ಒಂದು ಹುಟ್ಟಿ ಅದರ ಮುಖ ನೀನು ನೋಡುವ ತನಕ ಉಪ್ಪು ಮುಟ್ಟುವಂತಿಲ್ಲ ಎಂದೆ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. “ಅಂಗೇ ಆಗ್ಲಿ, ಅದ್ಕಿಂತ ಇನ್ನೇನು” ಎಂದಳು.

ಯಶೋದಳಿಗೆ ಮದುವೆಯಾಗಿ ಆಗಲೇ ಐದು ವರ್ಷ. ಮಕ್ಕಳಾಗುವುದಿಲ್ಲ ಎಂದು ಎರಡು ಕಡೆ ಹೇಳಿದ್ದರು. ನಾನು ಮುಗಿಯದ ಹರಕೆಯನ್ನೇ ಹುಡುಕಿ ಹೇಳಿದ್ದು. ಹೆತ್ತ ಮಗಳ ವಿಷಯದಲ್ಲಿ ಹೀಗೆ ಲೆಕ್ಕ ಹಾಕಿದವನು ನಾನು ಎಂದು ನೀವು ಬರೆದಿಟ್ಟುಕೊಂಡರೂ ಬೇಸರವಿಲ್ಲ.

ಈಗ ಕೂಸು ಹುಟ್ಟಿದೆ. ಸೋಮಮ್ಮ ಬಿಟ್ಟ ಉಪ್ಪೇ ಕೂಸಾಗಿ ಬಂತು ಎಂದು ಊರೇ ಹೇಳುತ್ತದೆ, ಯಶೋದಳೂ ಫೋನಿನಲ್ಲಿ ಅದನ್ನೇ ಹೇಳಿ ಅಳುತ್ತಾಳೆ. ಕೂಸಿನ ಮುಖ ನೋಡಿದ ದಿನ ಏನು ಉಣ್ಣಬೇಕೆಂದು ತಾಯಿ ಮಗಳು ದಿನಾ ಮಾತಾಡುತ್ತಾರೆ. ಹುರುಳಿಕಾಳಿನ ಬಸ್ಸಾರು, ಹಪ್ಪಳ, ಜೊತೆಗೆ ಮಾವಿನಕಾಯಿ ಉಪ್ಪಿನಕಾಯಿ. ಉಪ್ಪಿನಕಾಯಿಯನ್ನು ಇಲ್ಲಿಂದಲೇ ಒಯ್ಯಲು ಹಾಕಿಟ್ಟಿದ್ದಾಳೆ, ಎರಡು ಡಬ್ಬಿ. ಡಾಕ್ಟರ ಹತ್ತಿರ ಸುಮ್ಮನೆ ಕೇಳುವ ಹಾಗೆ ಕೇಳಿದೆ, ಉಪ್ಪು ಶುರುವಾದರೆ ಎಷ್ಟು ದಿನಕ್ಕೆ ನೀರು ತುಂಬಬಹುದು ಎಂದು. ಕೆಲವೇ ವಾರ ಎಂದರು. ನಾವು ಅಲ್ಲಿರುವುದು ಎರಡು ತಿಂಗಳು.

ಹೋಗದಿರೋಣ ಎಂದರೆ ಅವಳು ಬಿಡಳು, ನನಗೂ ಕೂಸನ್ನು ನೋಡದೆ ಇರಲಾಗದು. ನಾನೂ ಜೊತೆಯಲ್ಲಿದ್ದು ಹೇಗಾದರೂ ತಡೆಯುತ್ತೇನೆ ಎಂದುಕೊಂಡಿದ್ದೆ. ಹೇಗೆ ಎಂದು ಕೇಳಬೇಡಿ, ಅಷ್ಟು ದೂರ ಯೋಚನೆ ಹೋಗಿಲ್ಲ.

ಪುಟ್ಟಸಿದ್ದಯ್ಯ

—

ಬೆಂಗಳೂರು
15 ಏಪ್ರಿಲ್ 2025

ಪುಟ್ಟಸಿದ್ದಯ್ಯನವರಿಗೆ,

ನಿಮ್ಮ 2ನೇ ತಾರೀಖಿನ ಪತ್ರವನ್ನು ಫೈಲಿಗೆ ಹಾಕಿಲ್ಲ, ನನ್ನ ಬಳಿ ಇಟ್ಟುಕೊಂಡಿದ್ದೇನೆ. ಪಥ್ಯ ಪಾಲನೆಯಾಗಿದೆ ಎಂದಷ್ಟೇ ನಮೂದಿಸಿದ್ದೇನೆ. ಹಿಂದಿನ ಪತ್ರದಲ್ಲಿ ನಾನು ನಿಮ್ಮನ್ನು ಬೇರೆ ರೀತಿಯ ಗಂಡಸು ಎಂದು ತಿಳಿದಿದ್ದೆ. ಹೆಂಡತಿಗೆ ಹೇಳದೆ ಅವಳ ಹೆಸರಿನಲ್ಲಿ ಕಾಗದ ಮಾಡುವವರ ಅರ್ಜಿಗಳು ನಮ್ಮಲ್ಲಿ ಬಹಳ ಬರುತ್ತವೆ.

ಒಂದು ವಿಷಯ ತಕ್ಷಣ ತಿಳಿಸಬೇಕಾಗಿದೆ. ನಮ್ಮಲ್ಲಿ ಕಾಯಿಲೆಯ ವಿವರ ನಮೂದಾಗಿ ಮುಗಿದ ಕೂಡಲೇ ಘೋಷಣಾ ಪತ್ರ ವಿಮೆ ಪಡೆಯುವವರ ಹೆಸರಿಗೇ ರಿಜಿಸ್ಟರ್ ಅಂಚೆಯಲ್ಲಿ ತಾನಾಗಿ ಹೊರಡುತ್ತದೆ. ಅದು ಶ್ರೀಮತಿ ಸೋಮಮ್ಮ ಎಂಬ ವಿಳಾಸಕ್ಕೆ 11ರಂದೇ ಹೊರಟಿದೆ. ನನಗೆ ಗೊತ್ತಾಗುವಷ್ಟರಲ್ಲಿ ಕಚೇರಿ ದಾಟಿತ್ತು. ಕಾಯಿಲೆಯ ಹೆಸರು, ಇಸವಿ, ಪಥ್ಯ ಎಲ್ಲವೂ ಅದರಲ್ಲಿ ಕನ್ನಡದಲ್ಲಿದೆ. ಅದು ತಲುಪುವ ಮುಂಚೆ ನೀವೇ ಹೇಳುವುದು ಒಳ್ಳೆಯದು.

ಸಿಂಧು

—

ಶಾಗ್ಯ
22 ಏಪ್ರಿಲ್ 2025

ಮೇಡಂ,

ನಿಮ್ಮ ಕಾಗದ ಇವತ್ತು ಬಂತು. ಆ ಘೋಷಣಾ ಪತ್ರ ಬಂದು ಐದು ದಿನವಾಯಿತು.

ಈಗಿನ ಪೋಸ್ಟಿನವನು ಮಾದೇಶ, ನಾನೇ ಕೆಲಸ ಕಲಿಸಿದ ಹುಡುಗ. ಮನೆ ಬಾಗಿಲಿಗೆ ಬಂದು ಅಮ್ಮಾವ್ರನ್ನು ಕರೆಯಿರಿ ಎಂದ. ಅವಳು ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ತರಲು ಹೋಗಿದ್ದಳು. ಹಾಗಾದರೆ ಸಂಜೆ ಬರುತ್ತೇನೆ ಎಂದು ಹೊರಟವನನ್ನು ನಾನೇ ತಡೆದು, ಕೊಡು ನಾನು ಕೊಡುತ್ತೇನೆ ಎಂದು ರುಜು ಹಾಕಿ ತೆಗೆದುಕೊಂಡೆ. ಅವನು ನನ್ನ ಮುಖ ನೋಡಿದ. ರಿಜಿಸ್ಟರ್ ಕಾಗದವನ್ನು ಹೆಸರಿದ್ದವರ ಕೈಗಲ್ಲದೆ ಕೊಡಬಾರದು ಎಂದು ಅವನಿಗೆ ನೂರು ಸಲ ಹೇಳಿದವನು ನಾನು. ಆದರೂ ಎದುರಾಡಲಾರದೆ ಕೊಟ್ಟು ಹೋದ. ಕಾಗದ ನನ್ನ ಪೆಟ್ಟಿಗೆಯಲ್ಲಿದೆ.

1994ರಲ್ಲಿ ಬಂಡಳ್ಳಿಯ ಚಿಕ್ಕಸಿದ್ದಯ್ಯ ಎಂಬುವರ ಮನೆಗೆ ಒಂದು ತಂತಿ ಬಂತು. ಹೋದರೆ ಮನೆ ಮುಂದೆ ಚಪ್ಪರ, ಮಗಳ ಮದುವೆ. ತಂತಿಯಲ್ಲಿ ಅವರ ದೊಡ್ಡ ಮಗ ಮುಂಬೈಯಲ್ಲಿ ತೀರಿಕೊಂಡ ಸುದ್ದಿ. ಊರಿನ ಯಜಮಾನರು ನನ್ನ ಸೈಕಲ್ ಹಿಡಿದು, “ತಾಳಿ ಕಟ್ಟೋ ಗಂಟ ತಡ್ಕಳಿ ಸಾ, ಒಂದ್ ಗಂಟೆ” ಎಂದು ಕೈ ಮುಗಿದರು. ನಾನು ತಡೆಯಲಿಲ್ಲ. ಅವರ ಹೆಸರಿನ ಕಾಗದ, ಅವರ ಕೈಗೆ ಕೊಟ್ಟೆ. ಮದುವೆ ನಿಂತಿತು. ಆ ಹುಡುಗಿಗೆ ಮತ್ತೆ ಗಂಡು ಕೂಡಿಬರಲು ನಾಲ್ಕು ವರ್ಷ ಹಿಡಿಯಿತು. ಆ ಮನೆಯವರು ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಾನು ಮಾಡಿದ್ದು ಸರಿ ಎಂದೇ ಮೂವತ್ತು ವರ್ಷ ಎದೆಯುಬ್ಬಿಸಿ ಹೇಳಿಕೊಂಡು ಬಂದೆ. ಬೇರೆಯವರ ಮನೆಗೆ ಕೊಡುವಾಗ ನಿಯಮ ಬಹಳ ಹಗುರವಾಗಿರುತ್ತದೆ.

ಈಗ ಒಂದು ದಾರಿ ಇದೆ. ಲಕೋಟೆಯ ಮೇಲೆ ‘ವಿಳಾಸದಾರರು ಊರಲ್ಲಿಲ್ಲ’ ಎಂದು ಬರೆಸಿ ಹಿಂದಕ್ಕೆ ಕಳಿಸಬಹುದು. ಮಾದೇಶ ಇಲ್ಲ ಎನ್ನುವುದಿಲ್ಲ. ಹಾಗೆ ಬಂದರೆ ನೀವು ಲಿವರ್ ಖರ್ಚನ್ನು ಪೂರ್ತಿ ಬಿಟ್ಟು, ಸಹಿ ಇಲ್ಲದೆ ಪಾಲಿಸಿ ಕೊಡಲು ಆಗುತ್ತದೆಯೇ?

ಪುಟ್ಟಸಿದ್ದಯ್ಯ

—

ಬೆಂಗಳೂರು
26 ಏಪ್ರಿಲ್ 2025

ಪುಟ್ಟಸಿದ್ದಯ್ಯನವರಿಗೆ,

ಆಗುವುದಿಲ್ಲ. ಪತ್ರ ಹಿಂದಕ್ಕೆ ಬಂದರೆ ಅರ್ಜಿ ಮುಚ್ಚಿಹೋಗುತ್ತದೆ. ಸಹಿಯಾದ ಘೋಷಣೆ ಮೇ 10ರೊಳಗೆ ನನ್ನ ಕೈ ಸೇರಬೇಕು.

ಇನ್ನೊಂದು ಕೇಳುತ್ತೇನೆ, ಇದು ಕಚೇರಿಯ ಪ್ರಶ್ನೆ ಅಲ್ಲ. ಬಂಡಳ್ಳಿಯವರು ನಿಮ್ಮ ಮೇಲೆ ಸಿಟ್ಟಾಗಿರುವುದು ನೀವು ತಂತಿ ಕೊಟ್ಟದ್ದಕ್ಕೇ ಎಂದು ಅವರೇ ಹೇಳಿದರೇ, ಅಥವಾ ನೀವು ಹಾಗೆಂದುಕೊಂಡಿರೇ?

ಸಿಂಧು

—

ಶಾಗ್ಯ
5 ಮೇ 2025

ಮೇಡಂ,

ಸಹಿಯಾದ ಘೋಷಣಾ ಪತ್ರ ಇದರೊಂದಿಗಿದೆ. ಸಹಿ ಅವಳದೇ, ಓದಿಯೇ ಹಾಕಿದ್ದು. ಡಾಕ್ಟರ್ ವೃಷಭೇಂದ್ರಪ್ಪನವರ ಪ್ರಯಾಣದ ಪತ್ರವೂ ಇದೆ.

ನಿಮ್ಮ ಪ್ರಶ್ನೆಯನ್ನು ಅವರನ್ನೇ ಕೇಳಬೇಕೆನ್ನಿಸಿತು. ಬುಧವಾರ ಬಂಡಳ್ಳಿಗೆ ಹೋದೆ. ಚಿಕ್ಕಸಿದ್ದಯ್ಯನವರಿಗೆ ಈಗ ಎಂಬತ್ತರ ಮೇಲೆ. ಜಗಲಿಯ ಮೇಲೆ ಕುಳಿತಿದ್ದರು. ಕೂರು ಎನ್ನಲಿಲ್ಲ, ನಿಂತೇ ಕೇಳಿದೆ. ಅವರು ಹೇಳಿದರು.

“ಕೊಟ್ಟದ್ ತಪ್ಪಲ್ಲ ಕಣಪ್ಪ. ಕೊಟ್ಬುಟ್ಟು ಸೈಕಲ್ ಅತ್ಕಂಡು ಒಂಟೋದಲ್ಲ ನೀನು. ನನಗೆ ಓದಕ್ ಬರ್ತಿರ್ನಿಲ್ಲ. ಅಷ್ಟ್ ಜನದ್ ಮುಂದೆ ಯಾರ್ ಯಾರ್ ಕೈಲೋ ಓದುಸ್ಕಂಡೆ. ಒಂದ್ ಗಳ್ಗೆ ನನ್ ಪಕ್ಕ ನಿಂತ್ಕಳ್ನಿಲ್ಲ ನೀನು.”

ಹೌದು ಎಂದು ಬಂದೆ.

ಮಾರನೆಯ ದಿನ ಬೆಳಿಗ್ಗೆ ಸೋಮಮ್ಮನ ಕೈಗೆ ಲಕೋಟೆ ಕೊಟ್ಟು ಪಕ್ಕದಲ್ಲೇ ಕುಳಿತೆ. ಅವಳು ಓದಿದ್ದು ಮೂರನೇ ಕ್ಲಾಸು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಾಳೆ. ನಾನು ಓದಿ ಹೇಳಲೇ ಎಂದೆ, ಬೇಡ ಎಂದು ತಲೆಯಾಡಿಸಿದಳು. ಕಾಯಿಲೆಯ ಹೆಸರಿನ ಹತ್ತಿರ ಬೆರಳು ನಿಂತಿತು, ಮುಂದಕ್ಕೆ ಹೋಯಿತು. 2019 ಎಂಬ ಕಡೆ ನಿಂತಿತು, ಮುಂದಕ್ಕೆ ಹೋಯಿತು. ಉಪ್ಪು ಎಂಬಲ್ಲಿಗೆ ಬಂದು ನಿಂತದ್ದು ಮತ್ತೆ ಹೋಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಕೊಳ್ಳೇಗಾಲದ ಬಸ್ಸು, ವಿಭೂತಿ ಗಟ್ಟಿ, ಯಾವುದನ್ನೂ ಬಿಡದೆ. ಅವಳು ಕೇಳಿದ್ದು ಒಂದೇ.

“ಬೆಟ್ಟುಕ್ಕೆ ನೀನು ಓಗೇ ಇರ್ನಿಲ್ವಾ?”

ಹೋಗಿರಲಿಲ್ಲ ಎಂದೆ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಅವಳು ನನ್ನನ್ನು ‘ನೀನು’ ಎಂದದ್ದು ಅದೇ ಮೊದಲು.

ಎದ್ದು ಹೋಗಿ ಹುಳುವಿಗೆ ಸೊಪ್ಪು ಹಾಕಿದಳು. ಅಡುಗೆ ಮಾಡಿದಳು. ನನಗೆ ಬಡಿಸಿದಳು. ಉಪ್ಪು ಸರಿಯಾಗಿದೆಯೇ ಎಂದು ಕೇಳಲಿಲ್ಲ. ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲ. ಇವತ್ತಿಗೆ ಐದನೇ ದಿನ, ಹಾಗೆಯೇ ಉಣ್ಣುತ್ತಿದ್ದೇನೆ. ಮಾತಿಲ್ಲ ಕತೆಯಿಲ್ಲ. ಮೊನ್ನೆ ಮಾತ್ರ ಪೆನ್ನು ಕೇಳಿ ಸಹಿ ಹಾಕಿ ಮೇಜಿನ ಮೇಲಿಟ್ಟಳು. ಉಪ್ಪಿಲ್ಲದ ಮುದ್ದೆ ಸಾರು ಗಂಟಲಲ್ಲಿ ಇಳಿಯುವುದಿಲ್ಲ ಮೇಡಂ. ಆರು ವರ್ಷ ಅವಳು ಹೇಗೆ ಉಂಡಳೋ.

ಅವಳು ಕಾಯಿಲೆಗೆ ಹೆದರುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಪುಟ್ಟಸಿದ್ದಯ್ಯ

—

ಬೆಂಗಳೂರು
10 ಮೇ 2025

ಶ್ರೀಮತಿ ಸೋಮಮ್ಮ ಅವರಿಗೆ,

ನಿಮ್ಮ ಮತ್ತು ನಿಮ್ಮ ಪತಿಯ ಪ್ರವಾಸ ವಿಮೆ ಮಂಜೂರಾಗಿದೆ. ನಿಮ್ಮ ಲಿವರ್ ಕಾಯಿಲೆಗೆ ಸಂಬಂಧಿಸಿದಂತೆ ಪ್ರಾಣಾಪಾಯದ ತುರ್ತು ಚಿಕಿತ್ಸೆಯನ್ನು ಮಾತ್ರ ಕಂಪನಿ ಭರಿಸುತ್ತದೆ. ಬೇರೆ ಎಲ್ಲಕ್ಕೂ ಪೂರ್ತಿ ರಕ್ಷಣೆ ಇದೆ.

ಅರ್ಜಿಯಲ್ಲಿ ತುರ್ತು ಸಂಪರ್ಕಕ್ಕೆ ನಿಮ್ಮ ಮಗಳು ಶ್ರೀಮತಿ ಯಶೋದ, ಮಸ್ಕತ್ ಎಂದಿದೆ. ಕಾಯಿಲೆ ಮತ್ತು ಮಾತ್ರೆಗಳ ವಿವರವಿರುವ ಒಂದು ಪ್ರತಿ ಅವರಿಗೂ ಹೋಗುತ್ತದೆ. ಏನಾದರೂ ಬದಲಾವಣೆ ಇದ್ದರೆ 17ರೊಳಗೆ ತಿಳಿಸಿ. ನಿಮ್ಮ ಕಾಗದವನ್ನು ನಿಮ್ಮ ಹೆಸರಿಗೇ ಬರೆಯುತ್ತಿದ್ದೇನೆ, ಇನ್ನು ಮುಂದೆಯೂ ಹಾಗೆಯೇ.

ಸಿಂಧು

—

ಶಾಗ್ಯ
14 ಮೇ 2025

ಸಿಂಧು ಅವ್ವನಿಗೆ ಸೋಮಮ್ಮ ಬರೆಯೋದು.

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ಮಾತಾಡೋ ಅಂಗೇ ಬರೀತಿವ್ನಿ. ನಿಮ್ಮ ಕಾಗದ ಮಾದೇಶ ನನ್ನ ಕೈಗೇ ಕೊಟ್ಟ. ಯಜಮಾನ್ರು ಜಗಲಿ ಮ್ಯಾಲೆ ಕೂತಿದ್ರು, ಅವ್ರ ಕಡೆ ನೋಡ್ದೆ ನನ್ನ ಕರ್ದು ಕೊಟ್ಟ.

ನಾನು ನೆನ್ನೆ ಮಾದಪ್ಪನ ಬೆಟ್ಟುಕ್ಕೆ ಓಗಿ ಬಂದೆ. ಒಬ್ಳೇ ಓಗಿದ್ದೆ. ಜನ ಕಮ್ಮಿ ಇದ್ರು, ನಿಂತ್ಕಂಡು ಯೋಳೋದೆಲ್ಲ ಯೋಳ್ದೆ. ಅರಕೆ ಒತ್ಕಂಡಿವ್ನಿ ಅಂತ ಸುಳ್ಳೇಳ್ದೋರು ಅವ್ರು, ಉಪ್ಪು ಬಿಟ್ಟವ್ಳು ನಾನು, ಇಬ್ರುನೂ ಒಂದೇ ತಕ್ಡೀಲಿ ತೂಗ್ಬ್ಯಾಡ ಅಂದೆ. ಅವ್ರು ಓಗಿರ್ನಿಲ್ಲ ಸರಿ. ನಾನು ಆರು ವರ್ಸ ದಿನಾ ಎರಡು ಒತ್ತು ಎಲೆ ಮುಂದೆ ಕೂತು ಅವ್ನ ಎಸ್ರು ಯೋಳ್ಕಂಡೇ ತುತ್ತು ಎತ್ತಿರೋದು. ಅದು ಅವ್ನಿಗೆ ಮುಟ್ಟುನಿಲ್ಲ ಅಂದ್ರೆ ಅವ್ನೆಂತ ದ್ಯಾವ್ರು. ಕೂಸು ನನ್ನ ಉಪ್ಪಿಂದೇ ಬಂದದ್ದು ಅಂತ ನನಗೆ ಈಗ್ಲೂ ಅನ್ನುಸ್ತದೆ. ನೀವು ಓದ್ದೋರು, ನಗ್ಬೋದು.

ಕಾಯ್ಲೆ ವಿಸ್ಯ ಡಾಕ್ಟ್ರ ಅತ್ರ ನಾನೇ ಓಗಿ ಕೇಳ್ದೆ. ಎಷ್ಟು ದಿನ ಬದುಕ್ತೀನಿ ಅಂತ ಕೇಳ್ನಿಲ್ಲ. ಉಪ್ಪು ತಿಂದ್ರೆ ಏನಾಯ್ತದೆ ಅಂತ ಕೇಳ್ದೆ. ಅವ್ರು ಯೋಳುದ್ರು. ಉಪ್ಪಿನ್ಕಾಯಿ ಡಬ್ಬಿ ಎಲ್ಡನ್ನೂ ಪಕ್ಕದ್ ಮನೆ ರಂಗಿಗೆ ಕೊಟ್ಬುಟ್ಟೆ. ಯಜಮಾನ್ರ ಸಾರಿಗೆ ಇವತ್ತಿಂದ ಉಪ್ಪು ಆಕ್ತಿವ್ನಿ. ಅವ್ರು ಬಡವಾಗೋದ್ರು, ಜನ ನನ್ನೇ ಬೈತಾರೆ.

ಈಗ ಕೆಲ್ಸುದ್ ಮಾತು. ಮಗಳಿಗೆ ಆ ಕಾಗದ ಕಳಿಸ್ಬ್ಯಾಡಿ. ಅವ್ಳ ಅತ್ತೆ ಮನೇಲಿ ಹನ್ನೊಂದು ವರ್ಸ ಬಂಜೆ ಅನ್ನುಸ್ಕಂಡವ್ಳೆ. ಈಗ ಕೂಸ್ನ ಎತ್ಕಂಡು ಬಂದೋರ್ಗೆಲ್ಲ, ನಮ್ಮವ್ವ ಉಪ್ಪು ಬಿಟ್ಟು ತಂದ್ಕೊಟ್ಟ ಕೂಸಿದು ಅಂತಾಳಂತೆ. ಅದುನ್ನ ಅವ್ಳ ಕೈಯಿಂದ ನಾನು ಕಿತ್ಕಳಕ್ಕಾಗಲ್ಲ. ಅಲ್ಲಿಗೋದ್ಮೇಲೆ, ಅರಕೆ ಇನ್ನೂ ಮುಗುದಿಲ್ಲ, ಕೂಸು ಇಸ್ಕೂಲಿಗೆ ಸೇರೋ ಗಂಟ ಅದೆ ಅಂತೀನಿ. ಸುಳ್ಳೇ, ಗೊತ್ತು. ಬೆಟ್ಟುದ್ ಮ್ಯಾಲೆ ಅದ್ನೂ ಯೋಳಿ ಬಂದಿವ್ನಿ. ಎಚ್ಚುಕಮ್ಮಿಯಾದ್ರೆ ಸುದ್ದಿ ಮುಟ್ಟುಸೋಕೆ ಯಜಮಾನ್ರ ಎಸ್ರು ಆಕಿ, ಶಾಗ್ಯದ ಅಡ್ರಸ್ಸು.

ಇನ್ನೊಂದು. ಅರ್ಜೀಲಿ ಇಬ್ರು ಅಂತ ಅದೆಯಲ್ಲ, ಒಬ್ರು ಮಾಡಿ. ಯಜಮಾನ್ರು ಬರಲ್ಲ. ಅವ್ರಿಗೆ ಇನ್ನೂ ಯೋಳಿಲ್ಲ, ಕೂಸಿಗೆ ಬೆಳ್ಳಿ ಕಾಲ್ಗಡಗ ಮಾಡ್ಸಿ ಮಡಿಕಂಡವ್ರೆ. ಸಿಟ್ಟಿಗೆ ಅಂತ ತಿಳ್ಕಬ್ಯಾಡಿ, ಸಿಟ್ಟು ಅದೆ, ಅದು ಬ್ಯಾರೆ. ಅವ್ರು ನನ್ನ ಅತ್ರ ಆರು ವರ್ಸ ಮುಚ್ಚಿಡಕ್ಕಾಗಿದ್ದು ನಾನು ಒಂದು ದಿನಾನೂ ಕೇಳ್ದೆ ಇದ್ದುದ್ಕೆ. ಯಶೋದ ಅಂಗಲ್ಲ, ಅಪ್ಪನ್ ಮೊಕ ನೋಡ್ಕಂಡು ಕೇಳ್ತಾಳೆ. ಅವ್ಳು ಕೇಳುದ್ರೆ ಅವ್ರು ಯೋಳ್ಬುಡ್ತಾರೆ. ಅದ್ಕೆ ಅವ್ರ ಎಸ್ರು ಒಡ್ದಾಕಿ, ನಾನೊಬ್ಳೇ ಓಯ್ತೀನಿ.

ಸೋಮಮ್ಮ